ಡಾಕ್ಟರು ಕುಡಿಯದ ಕಾಫಿ

ಕಾಫಿಬೀಜ ಹುರಿಯುವ ವಾಸನೆ ಬಂದರೆ ಜನ ಮೂಗರಳಿಸುತ್ತಾರೆ. ನನಗೆ ಮಾತ್ರ ಅಲ್ಲಿಂದ ದೂರ ಸರಿಯಬೇಕು ಎನ್ನಿಸುತ್ತದೆ. ಮೊನ್ನೆ ಲಕ್ಷ್ಮೀಪುರಂನಲ್ಲಿ, ಒಂದು ಕಾಲಕ್ಕೆ ನಮ್ಮ ಮನೆಯಿದ್ದ ಬೀದಿಯ ತಿರುವಿನಲ್ಲಿ, ಬೀಜ ಹುರಿದು ಪುಡಿ ಮಾಡಿಕೊಡುವ ಅಂಗಡಿಯೊಂದರ ಮುಂದೆ ಹಾಗೇ ಆಯಿತು. ಬೀಜ ಇನ್ನೇನು ಸೀದುಹೋಗಬೇಕು, ಅದಕ್ಕೆ ಒಂದು ಗಳಿಗೆ ಮುಂಚೆ ಬರುತ್ತದಲ್ಲ, ಕಹಿ ಬೆರೆತ ಸಿಹಿ ವಾಸನೆ, ಅದು. ಜೊತೆಯಲ್ಲಿದ್ದ ಸೊಸೆ ಅಲ್ಲೇ ನಿಂತು ಅರ್ಧ ಕೇಜಿ ಕಟ್ಟಿಸಿಕೊಂಡಳು. ನಾನು ಸೆರಗಿನಿಂದ ಮೂಗು ಒತ್ತಿಕೊಂಡು ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತೆ. ಮುದುಕಿಯ ಚಾಳಿ ಎಂದುಕೊಂಡಿರಬೇಕು ಅವಳು. ನಾನು ನಿಂತ ಜಾಗದ ಎದುರಿಗೇ ನಮ್ಮ ಮನೆ ಇದ್ದದ್ದು. ಈಗ ಅಲ್ಲಿ ನಾಲ್ಕು ಅಂತಸ್ತಿನ ಕಟ್ಟಡ, ಕೆಳಗೆ ಮೊಬೈಲ್ ಅಂಗಡಿ. ನಿಮಗೂ ಹೀಗೆ ಒಂದು ಜಾಗ ಇದ್ದೇ ಇರುತ್ತದೆ, ಎದುರಿಗೆ ನಿಂತು ಇಲ್ಲದ ಬಾಗಿಲನ್ನು ಹುಡುಕುವಂಥದ್ದು. ಹಾಗಾಗಿ ಹೆಚ್ಚು ವಿವರಿಸುವುದಿಲ್ಲ.

ನಮ್ಮದು ಕೆಂಪು ಹೆಂಚಿನ ಮನೆ. ಮುಂದುಗಡೆ ಮರದ ಜಾಲರಿ ಹಾಕಿದ ವರಾಂಡ, ಅದರಲ್ಲೊಂದು ಉದ್ದನೆಯ ಬೆಂಚು, ಬೆಂಚಿನ ಬೆನ್ನಿಗೇ ಅಮ್ಮನ ಕೋಣೆಯ ಕಿಟಕಿ. ಒಳಗಿನ ಗಾರೆ ನೆಲ ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ಅಡುಗೆಮನೆ ಅಜ್ಜಿಯದು. ಅಪ್ಪನ ತಾಯಿಯಾದ ಆಕೆ ಬೇರೆ ಯಾವುದರಲ್ಲಿ ಸೋತರೂ ಕಾಫಿಯ ವಿಷಯದಲ್ಲಿ ಯಾರಿಗೂ ತಲೆಬಾಗಿದವಳಲ್ಲ. ಹದಿನೈದು ದಿನಕ್ಕೊಮ್ಮೆ ಕಬ್ಬಿಣದ ಬಾಣಲೆಯಲ್ಲಿ ಬೀಜ ಹುರಿಯುತ್ತಿದ್ದಳು. ಅಂದು ಸಂಜೆಯವರೆಗೂ ಬಟ್ಟೆಗೆ, ತಲೆಗೂದಲಿಗೆ, ನನ್ನ ಸ್ಕೂಲು ಪುಸ್ತಕಕ್ಕೆ ಕೂಡ ಆ ವಾಸನೆ ಮೆತ್ತಿಕೊಂಡಿರುತ್ತಿತ್ತು. ಗೋಡೆಯ ಹಲಗೆಗೆ ಬಿಗಿದಿದ್ದ ಕೈಮಿಲ್ಲಿನ ಹಿಡಿ ತಿರುಗಿಸುವುದು ನನ್ನ ಕೆಲಸ. ಅಪ್ಪ ಶಾಲಾ ಇನ್ಸ್‌ಪೆಕ್ಟರು. ತಿಂಗಳಲ್ಲಿ ಹತ್ತು ದಿನವಾದರೂ ಸರ್ಕೀಟು, ಎಂದರೆ ದೂರದ ಹಳ್ಳಿ ಶಾಲೆಗಳ ತಪಾಸಣೆ, ಇದ್ದೇ ಇರುತ್ತಿತ್ತು. ಹಾಸಿಗೆ ಸುತ್ತಿಕೊಂಡು ಹೋಗುವ ಅಪ್ಪನ ಹೋಲ್ಡಾಲು ಹಜಾರದ ಮೂಲೆಯಲ್ಲಿ ಸದಾ ಅರ್ಧ ಸುತ್ತಿದಂತೆಯೇ ಬಿದ್ದಿರುತ್ತಿದ್ದುದು ಅದಕ್ಕೇ. ಇವರಿಬ್ಬರ ನಡುವೆ ಅಮ್ಮ. ನನಗೆ ಹತ್ತು ವರ್ಷ ತುಂಬಿದ ಬೇಸಿಗೆಯಿಂದ ಅಮ್ಮ ಮಲಗಿಬಿಟ್ಟಿದ್ದಳು. ಮಲಗಿಬಿಟ್ಟಿದ್ದಳು ಎನ್ನುವುದೂ ತಪ್ಪೇ, ಮಲಗಲು ಅವಳಿಗೆ ಆಗುತ್ತಲೇ ಇರಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತಿತ್ತು. ನಾಲ್ಕು ದಿಂಬು ಒತ್ತಿಕೊಂಡು ಕೂತೇ ಇರುತ್ತಿದ್ದಳು.

ಚಿಕ್ಕಂದಿನಲ್ಲಿ ಬಂದ ಕೀಲುನೋವಿನ ಜ್ವರ ಅಮ್ಮನ ಎದೆಗೂಡಿನೊಳಗೆ ಸದ್ದಿಲ್ಲದೆ ಕೂತು, ಹೃದಯವನ್ನೇ ಹಾಳು ಮಾಡಿತ್ತಂತೆ. ಹಾಗೆಂದು ಹೇಳಿದವರು ನರಹರಿ ಡಾಕ್ಟರು. ಎರಡು ಬೀದಿ ಆಚೆ ಅವರ ಮನೆ, ಮನೆಯ ಮುಂಗೋಣೆಯೇ ರೋಗಿಗಳನ್ನು ನೋಡುವ ಷಾಪು. ದೊಡ್ಡ ಡಿಗ್ರಿಯವರಲ್ಲ. ಮುಚ್ಚುಕೋಟು, ಕರಿ ಟೋಪಿ, ಒಂದು ಹಳೇ ಸೈಕಲ್ಲು, ಸೈಕಲ್ಲಿನ ಕ್ಯಾರಿಯರ್‌ಗೆ ಕಟ್ಟಿದ ಚರ್ಮದ ಚೀಲ, ಇಷ್ಟೇ ಅವರು. ಸೈಕಲ್ಲನ್ನು ಅವರು ಎಂದೂ ಸ್ಟ್ಯಾಂಡು ಹಾಕಿ ನಿಲ್ಲಿಸುತ್ತಿರಲಿಲ್ಲ, ನಮ್ಮ ಕಾಂಪೌಂಡು ಗೋಡೆಗೆ ಒರಗಿಸಿ ನುಗ್ಗಿಬರುತ್ತಿದ್ದರು. ಒಳಗೆ ಬಂದ ಮೇಲೆ ಮಾತ್ರ ಯಾವ ಅವಸರವೂ ಇಲ್ಲ. ಎದೆಗಿಡುವ ಬಿಲ್ಲೆಯನ್ನು ಮೊದಲು ತಮ್ಮ ಅಂಗೈಯಲ್ಲಿ ಮುಚ್ಚಿಕೊಂಡು ಬೆಚ್ಚಗೆ ಮಾಡುತ್ತಿದ್ದರು. ಕುರ್ಚಿ ಹಾಕಿದರೂ ಕೂರದೆ ಹಾಸಿಗೆಯ ಪಕ್ಕ ನೆಲದ ಮೇಲೇ ಕುಳಿತುಬಿಡುತ್ತಿದ್ದರು. ರೋಗಿ ಕತ್ತೆತ್ತಿ ಮಾತಾಡಬಾರದು ಎಂದು. ನಾಡಿ ಹಿಡಿದುಕೊಂಡೇ, "ನಿನ್ನೆ ಏನಾದ್ರೂ ಕನಸು ಬಿತ್ತೇನಮ್ಮ?" ಎಂದು ಕೇಳುತ್ತಿದ್ದರು. ಅಮ್ಮ ಹೇಳುತ್ತಿದ್ದ ಕನಸುಗಳನ್ನು ಪೂರ್ತಿ ಕೇಳುತ್ತಿದ್ದರು. ಮನೆಯವರಾದ ನಮಗೆ ಅವನ್ನು ಕೇಳುವಷ್ಟು ತಾಳ್ಮೆ ಇರಲಿಲ್ಲ ಎಂದು ಈಗ ನಾಚಿಕೆಯಾಗುತ್ತದೆ.

ಅಮ್ಮನಿಗೆ ಉಪ್ಪು ಕೂಡದು ಎಂದಾಯಿತು. ಅಜ್ಜಿ ಅವಳಿಗೆಂದೇ ಒಂದು ಪುಟ್ಟ ಪಾತ್ರೆಯಲ್ಲಿ ಬೇರೆ ಸಾರು ಇಡಲು ಶುರು ಮಾಡಿದಳು. ಡಾಕ್ಟರು ಅದನ್ನು ನೋಡಿ ಅಡುಗೆಮನೆಯ ಹೊಸ್ತಿಲವರೆಗೆ ಹೋಗಿ ನಿಂತರು. "ಮನೆಗೆಲ್ಲಾ ಉಪ್ಪಿಲ್ಲದ ಸಾರೇ ಮಾಡಿಬಿಡಿ ಅಮ್ಮ. ಉಪ್ಪು ಬೇಕಾದೋರು ಎಲೇಲಿ ಹಾಕ್ಕೊಳ್ಳಿ. ಒಬ್ಬರಿಗೇ ಬೇರೆ ಪಾತ್ರೆ ಇಟ್ರೆ, ನೀನು ಕಾಯಿಲೆಯವಳು ಅಂತ ದಿನಾ ಎರಡು ಹೊತ್ತು ಜ್ಞಾಪಿಸಿದ ಹಾಗಾಗುತ್ತೆ." ಅಜ್ಜಿ ಗೊಣಗಿದಳು, ಮಾಡಿದಳು. ಅಮ್ಮ ಅಂದು ಅಳುತ್ತಾ ಉಂಡದ್ದು ನನಗೆ ನೆನಪಿದೆ. ಆದರೆ ಡಾಕ್ಟರು ಮಾಡುತ್ತಿದ್ದ ಇನ್ನೊಂದು ಕೆಲಸ ನನ್ನ ನಿದ್ದೆ ಕೆಡಿಸಿತ್ತು. ಹೋಗುವ ಮುನ್ನ ಅಮ್ಮನ ಊದಿದ ಪಾದದ ಮೇಲೆ ಹೆಬ್ಬೆರಳು ಊರಿ ತೆಗೆಯುತ್ತಿದ್ದರು. ಅಲ್ಲೊಂದು ಗುಳಿ ಉಳಿಯುತ್ತಿತ್ತು. ಅದು ತುಂಬಿಕೊಳ್ಳುವವರೆಗೂ ನೋಡುತ್ತಾ ಕೂರುತ್ತಿದ್ದರು. "ದಸರಾ ಆನೆ ಕಾಲು ಕಣೇ ನಂದು, ಬಣ್ಣ ಬಳಿಯೋದೊಂದು ಬಾಕಿ" ಎಂದು ಅಮ್ಮ ನನಗೆ ಕಣ್ಣು ಮಿಟುಕಿಸುತ್ತಿದ್ದಳು. ಅವಳಿಗೆ ಮಂಪರು ಹತ್ತಿದಾಗ ನಾನೂ ಕದ್ದು ಹೆಬ್ಬೆರಳು ಊರಿ ಎಣಿಸುತ್ತಿದ್ದೆ. ದೀಪಾವಳಿ ಹೊತ್ತಿಗೆ ಆರು ಎಣಿಸುವಷ್ಟರಲ್ಲಿ ಗುಳಿ ಮಾಯವಾಗುತ್ತಿತ್ತು. ಸಂಕ್ರಾಂತಿಗೆ ಹನ್ನೊಂದಾಯಿತು. ನಾನು ಯಾರಿಗೂ ಹೇಳಲಿಲ್ಲ.

ನಮಗೆ ಮೊಸರು ತಂದುಕೊಡುತ್ತಿದ್ದವಳು ಬೋಗಾದಿಯ ನಿಂಗಮ್ಮ. ಆಗ ಬೋಗಾದಿ ಎಂದರೆ ಪೂರಾ ಹಳ್ಳಿ, ರಾಗಿ ಹೊಲಗಳ ನಡುವೆ ನಡೆದು ಬರಬೇಕಿತ್ತು. ಅವಳ ಮೊಮ್ಮಗಳಿಗೆ ವಿಷಮಶೀತ ಜ್ವರ ಬಂದಾಗ ಡಾಕ್ಟರು ಅಷ್ಟು ದೂರ ದಿನವೂ ಸೈಕಲ್ಲಿನಲ್ಲಿ ಹೋಗಿ ಬಂದಿದ್ದರು. ತಾವೇ ಬಟ್ಟೆ ನೆನೆಸಿ ಮಗುವಿನ ಮೈ ಒರೆಸುತ್ತಿದ್ದರಂತೆ. ಇದನ್ನೆಲ್ಲ ನಿಂಗಮ್ಮ ಹಿತ್ತಲ ಬಾಗಿಲಲ್ಲಿ ಕುಳಿತು, ಅಳತೆಯ ಮೇಲೆ ಕೊಸರು ಹಾಕುತ್ತಾ ಹೇಳುವಳು. ಕೊನೆಗೆ ದನಿ ತಗ್ಗಿಸಿ, "ದಿನಾ ಬೆಲ್ಲದ ಕಾಪಿ ಕಾಯಿಸಿ ಇಡ್ಕಂಡ್ ನಿಂತ್ಕತಿದ್ದೆ ಕಣ್ರವ್ವ. ಬ್ಯಾಡ ಕಣವ್ವ ಅಂದ್ಬುಟ್ರು. ಅವ್ರು ಬಾಯಿ ನೆನೆಸ್ಲಿಲ್ಲ, ಅದ್ಕೇ ನನ್ ಕೂಸು ಉಳ್ಕತು. ಅವ್ರು ಲೋಟ ಮುಟ್ಟುದ್ರು ಅಂದ್ರೆ ಮುಗೀತು ಅಂತ್ಲೇ," ಎಂದಳು. ಅಜ್ಜಿ ನನ್ನತ್ತ ನೋಡಿ, ಸುಮ್ಮನಿರು ಎಂಬಂತೆ ಅವಳಿಗೆ ಕಣ್ಸನ್ನೆ ಮಾಡಿದಳು. ಅದರಿಂದಲೇ ನನಗೆ ಗೊತ್ತಾದದ್ದು ಇದು ಅಜ್ಜಿಗೂ ತಿಳಿದ ವಿಷಯ ಎಂದು.

ಕ್ರಮೇಣ ನನಗೂ ತಿಳಿಯಿತು. ನಮ್ಮ ಕಡೆ ಯಾರ ಮನೆಯಲ್ಲೂ ಡಾಕ್ಟರು ಕಾಫಿ ಕುಡಿಯುತ್ತಿರಲಿಲ್ಲ. ಮೈಸೂರಿನಲ್ಲಿ ಮನೆಗೆ ಬಂದವರು ಕಾಫಿ ಬೇಡ ಎನ್ನುವುದು ಸಣ್ಣ ಮಾತೇ? ಆದರೂ ಬೇಡ ಎನ್ನುತ್ತಿದ್ದರು. ಎಲ್ಲೋ ಒಂದು ಮನೆಯಲ್ಲಿ, ಎಂದೋ ಒಂದು ದಿನ, ರೋಗಿಯ ಕೋಣೆಯಿಂದ ಹೊರಗೆ ಬಂದು ತಾವಾಗಿಯೇ ಕುಳಿತು, "ಒಂದು ಲೋಟ ಕಾಫಿ ಕೊಡ್ತೀರಾ?" ಎಂದು ಕೇಳುತ್ತಿದ್ದರು. ನಿಧಾನವಾಗಿ ಕುಡಿಯುತ್ತಾ ಮನೆಯವರೊಡನೆ ಅದೂ ಇದೂ ಮಾತಾಡುತ್ತಿದ್ದರು. ಆ ಮನೆಯವರಿಗೆ ಅರ್ಥವಾಗುತ್ತಿತ್ತು. ಅರಮನೆಯ ಉಗ್ರಾಣದಲ್ಲಿದ್ದು ನಿವೃತ್ತರಾದ ಎದುರು ಮನೆಯ ಸುಬ್ಬರಾಯರು ಹಾಸಿಗೆ ಹಿಡಿದಿದ್ದರು. ಅವರ ಮನೆ ಜಗಲಿಯಲ್ಲಿ ಒಂದು ಗುರುವಾರ ಡಾಕ್ಟರು ಲೋಟ ಹಿಡಿದು ಕೂತಿದ್ದನ್ನು ನಾನೇ ನಮ್ಮ ಜಾಲರಿಯ ಸಂದಿನಿಂದ ನೋಡಿದೆ. ಭಾನುವಾರ ಬೆಳಿಗ್ಗೆ ಅದೇ ಜಗಲಿಯ ಮುಂದೆ ಬೆರಣಿಯ ಬೆಂಕಿ ಹೊಗೆಯಾಡುತ್ತಿತ್ತು. ಅಪ್ಪ ಇದನ್ನೆಲ್ಲ ನಂಬುವವರಲ್ಲ. "ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು, ಅಷ್ಟೇ. ಓದಿದೋರೂ ಹಿಂಗೆ ಆಡಿದ್ರೆ ನಾನು ಹಳ್ಳಿ ಮೇಷ್ಟ್ರುಗಳಿಗೆ ಏನು ಹೇಳ್ಲಿ?" ಎಂದು ರೇಗುತ್ತಿದ್ದರು. ಅಮ್ಮ ಮಾತ್ರ ಅದನ್ನೊಂದು ಆಟ ಮಾಡಿಕೊಂಡುಬಿಟ್ಟಿದ್ದಳು. ಡಾಕ್ಟರು ಚೀಲ ಮುಚ್ಚುತ್ತಿದ್ದ ಹಾಗೆ, "ಇವತ್ತೂ ಕಾಫಿ ಬೇಡ ತಾನೇ ಡಾಕ್ಟ್ರೇ?" ಎನ್ನುವಳು. ಪಾಪ, ಅವರು ಅದನ್ನು ಬರೀ ಉಪಚಾರ ಎಂದು ತಿಳಿದು, "ಬೇಡಮ್ಮ, ನನ್ನ ಹೊಟ್ಟೆಗೆ ಒಗ್ಗಲ್ಲ," ಎಂದು ನಗುತ್ತಾ ಎದ್ದುಹೋಗುವರು. ಅವರು ಗೇಟು ದಾಟುವವರೆಗೂ ಅಮ್ಮ ನಗುತ್ತಿದ್ದಳು. ಅನಂತರ ಕಣ್ಣು ಮುಚ್ಚಿಕೊಂಡು ದಿಂಬಿಗೆ ಒರಗುತ್ತಿದ್ದಳು. ಇನ್ನೊಂದು ದಿನ ಸಿಕ್ಕಿತು ಎಂದು ಆ ಮುಖದಲ್ಲಿ ಬರೆದಿರುತ್ತಿತ್ತು.

ಶಿವರಾತ್ರಿ ಕಳೆದು ಬಿಸಿಲು ಬಲಿತಿತ್ತು. ಮರುದಿನ ಬೆಳಿಗ್ಗೆ ಅಪ್ಪ ಹೆಗ್ಗಡದೇವನಕೋಟೆಯ ಕಡೆಗೆ ಸರ್ಕೀಟು ಹೊರಡುವವರಿದ್ದರು. ಏನೋ ಕಾಗದಪತ್ರ ತರಲು ಆಫೀಸಿಗೆ ಹೋಗಿದ್ದರು. ಬೆಳಿಗ್ಗೆ ಬೀಜ ಹುರಿದು, ಮಧ್ಯಾಹ್ನ ಪುಡಿ ಮಾಡಿಸಿ, ಫಿಲ್ಟರಿಗೆ ಹಾಕಿ ನೀರು ಹೊಯ್ದಿಟ್ಟು, ಅಜ್ಜಿ ದೇವಸ್ಥಾನದ ಭಜನೆಗೆ ಹೋಗಿದ್ದಳು. ಅಂದರೆ ಮನೆಯಲ್ಲಿ ನಾನು, ಅಮ್ಮ, ಮೂಲೆ ಮೂಲೆಗೂ ಹೊಕ್ಕಿದ್ದ ಆ ವಾಸನೆ. ಹಿಂದಿನ ದಿನ ಅಮ್ಮನ ಪಾದದ ಗುಳಿ ಇಪ್ಪತ್ತು ಎಣಿಸಿದರೂ ಹಾಗೇ ಇತ್ತು. ನಾನು ಎಣಿಸುವುದನ್ನೇ ಬಿಟ್ಟಿದ್ದೆ. ನಾಲ್ಕು ಗಂಟೆಯ ಹೊತ್ತಿಗೆ ಸೈಕಲ್ಲಿನ ಗಂಟೆ ಕೇಳಿಸಿತು. ಆಮೇಲೆ ಕಾಂಪೌಂಡಿನ ಹತ್ತಿರ ಎಂದೂ ಕೇಳದಿದ್ದ ಒಂದು ಶಬ್ದ ಕೇಳಿಸಿತು. ಡಾಕ್ಟರು ಸೈಕಲ್ಲಿಗೆ ಸ್ಟ್ಯಾಂಡು ಹಾಕಿದ್ದರು.

ಅಂದು ಅವರು ಅಮ್ಮನ ಪಕ್ಕ ಬಹಳ ಹೊತ್ತು ಕುಳಿತರು. ಕನಸಿನ ಬಗ್ಗೆ ಕೇಳಿದರು. ಅಮ್ಮನಿಗೆ ಉತ್ತರ ಹೇಳುವಷ್ಟು ಉಸಿರಿರಲಿಲ್ಲ, ಕೈಯಾಡಿಸಿದಳು. ಕಾಫಿಯ ಆಟವನ್ನೂ ಆಡಲಿಲ್ಲ. ಡಾಕ್ಟರು ಹೊರಗೆ ಬಂದು ವರಾಂಡದ ಬೆಂಚಿನ ಮೇಲೆ ಕೂತು, ಟೋಪಿ ತೆಗೆದು ಪಕ್ಕದಲ್ಲಿಟ್ಟುಕೊಂಡರು. ಅವರ ತಲೆ ಅಷ್ಟು ಬೋಳಾಗಿದೆ ಎಂದು ನನಗೆ ಗೊತ್ತಾದದ್ದು ಆಗಲೇ. "ಅಪ್ಪ ಎಷ್ಟು ಹೊತ್ತಿಗೆ ಬರ್ತಾರೆ ಪುಟ್ಟಿ?" ಎಂದು ಕೇಳಿದರು. ಐದು ಗಂಟೆಗೆ ಎಂದೆ. "ಹಾಗಾದ್ರೆ ಕಾದಿರ್ತೀನಿ. ಅಜ್ಜಿಗೆ ಹೇಳಿ ಒಂದು ಲೋಟ ಕಾಫಿ ತಗೊಂಡು ಬಾಮ್ಮ." ಅಡುಗೆಮನೆಗೆ ಹೋದೆ. ಫಿಲ್ಟರಿನ ಕೆಳಗಿನ ಪಾತ್ರೆಯಲ್ಲಿ ಡಿಕಾಕ್ಷನ್ನು ತುಂಬ ಇಳಿದಿತ್ತು, ಕಪ್ಪಗೆ, ಬೆಚ್ಚಗೆ. ಅದನ್ನು ಎತ್ತಿಕೊಂಡು ಹೋಗಿ ಬಚ್ಚಲಿಗೆ ಸುರಿದುಬಿಟ್ಟೆ. ಸಾಲದೆಂದು ಡಬ್ಬಿಯ ಪುಡಿಯನ್ನೂ ಸುರಿದು ಎರಡು ಚೊಂಬು ನೀರು ಹೊಯ್ದೆ. ವಾಪಸು ಬಂದು, ಕಂಬ ಹಿಡಿದುಕೊಂಡು ನಿಂತು, "ಅಜ್ಜಿ ಇಲ್ಲ. ಕಾಫಿಪುಡಿ ಮುಗಿದುಹೋಗಿದೆ," ಎಂದೆ.

ಡಾಕ್ಟರು ನಕ್ಕರು. "ಮನೆಯೆಲ್ಲಾ ಘಮಘಮ ಅಂತಿದೆಯಲ್ಲಮ್ಮ," ಎಂದರು. ಅಷ್ಟೇ ಸಾಕಾಯಿತು. ನಾನು ಅಳುತ್ತಾ ಅಲ್ಲೇ ನೆಲದ ಮೇಲೆ ಕುಸಿದೆ. "ನೀವು ಕುಡೀಬೇಡಿ ಡಾಕ್ಟ್ರೇ. ನೀವು ಕಾಫಿ ಕುಡಿದ್ರೆ ನಮ್ಮಮ್ಮ ಸತ್ತುಹೋಗ್ತಾಳೆ." ಅವರಿಗೆ ತಕ್ಷಣ ಅರ್ಥವಾಗಲಿಲ್ಲ. ಹಾಗಂತ ಯಾರು ಹೇಳಿದರು ಎಂದು ಕೇಳಿದರು. ಎಲ್ಲರೂ ಹೇಳುತ್ತಾರೆ ಎಂದೆ. ನಿಂಗಮ್ಮ ಹೇಳಿದ್ದು, ಸುಬ್ಬರಾಯರ ಮನೆ ಜಗಲಿ, ಅಮ್ಮ ದಿನವೂ ಕೇಳುತ್ತಿದ್ದ ಪ್ರಶ್ನೆ, ನಾನು ಡಿಕಾಕ್ಷನ್ನು ಚೆಲ್ಲಿದ್ದು, ಎಲ್ಲವನ್ನೂ ಬಿಕ್ಕುತ್ತಾ ಒದರಿಬಿಟ್ಟೆ. ಅವರ ಮುಖದ ಬಣ್ಣ ಇಳಿದದ್ದನ್ನು ಎಷ್ಟು ವರ್ಷವಾದರೂ ನಾನು ಮರೆಯಲಾರೆ. ತಮ್ಮ ಕೈಯ ಲೋಟವನ್ನು ಊರೇ ಕಾದು ನೋಡುತ್ತಿತ್ತೆಂದು ಆ ಮನುಷ್ಯನಿಗೆ ಅಲ್ಲಿಯವರೆಗೂ ಗೊತ್ತೇ ಇರಲಿಲ್ಲ. "ನಿಮ್ಮಮ್ಮ ಅದಕ್ಕೇ ಕೇಳ್ತಿದ್ರಾ ದಿನಾ?" ಎಂದಷ್ಟೇ ಅಂದರು. ಬೆನ್ನ ಹಿಂದಿನ ಕಿಟಕಿ ತೆರೆದೇ ಇತ್ತು. ಒಳಗೆ ಅಮ್ಮ ಎಚ್ಚರವಾಗಿದ್ದಳೋ ಇಲ್ಲವೋ ನನಗೆ ತಿಳಿಯದು. ಡಾಕ್ಟರು ಎದ್ದು, ನನ್ನ ತಲೆಯ ಮೇಲೆ ಕೈಯಿಟ್ಟು, "ಅಳಬೇಡ. ಕುಡಿಯಲ್ಲ," ಎಂದರು.

ಟೋಪಿ ಹಾಕಿಕೊಂಡು ಗೇಟಿನ ಹತ್ತಿರ ಹೋಗಿ ನಿಂತರು. ಅಪ್ಪ ಬರುವವರೆಗೂ ಅಲ್ಲೇ ಬಿಸಿಲಿನಲ್ಲಿ ನಿಂತಿದ್ದರು. ನಾನು ಅವರ ಹಿಂದೆಯೇ ಹೋಗಿ ಗೇಟಿಗೆ ಜೋತುಬಿದ್ದೆ. ಅವರು ಮಾತು ತಪ್ಪುತ್ತಾರೇನೋ ಎಂದು ನೋಡಲು. "ರಾಯರೇ, ಈ ಸರ್ಕೀಟು ಮುಂದಕ್ಕೆ ಹಾಕಕ್ಕಾಗಲ್ವೇ?" ಎಂದು ಅಪ್ಪನನ್ನು ಕೇಳಿದರು. ಪರೀಕ್ಷೆ ಹತ್ತಿರ ಬಂತು, ನಾಲ್ಕೇ ದಿನದ ಕೆಲಸ ಎಂದರು ಅಪ್ಪ. ಆಮೇಲೆ ಸ್ವಲ್ಪ ಗಾಬರಿಯಾಗಿ, "ಯಾಕೆ, ಏನಾದ್ರೂ...?" ಎಂದರು. ಡಾಕ್ಟರು ನನ್ನನ್ನು ನೋಡಿದರು. ನಾನು ಅವರನ್ನೇ ದುರುದುರು ನೋಡುತ್ತಿದ್ದೆ. "ಮನೇಲಿದ್ರೆ ಒಳ್ಳೇದು ಅಂತ ನನಗನ್ಸುತ್ತೆ. ಇದ್ದುಬಿಡಿ," ಎಂದರು. ಆ ಮಗು ಎದುರಿಗೆ ಇರದಿದ್ದರೆ ಇನ್ನೂ ಬಿಡಿಸಿ ಹೇಳುತ್ತಿದ್ದರು. ಆ ಮಗು ನಾನು.

ಅಪ್ಪ ಕಾಲು ತೊಳೆದುಕೊಂಡು ಒಳಗೆ ಬಂದು, ಅಮ್ಮನ ಕೋಣೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತಿದ್ದರು. ನನ್ನನ್ನು ಹಜಾರದ ಮೂಲೆಗೆ, ಹೋಲ್ಡಾಲಿನ ಹತ್ತಿರ ಕರೆದರು. ಹಳ್ಳಿ ಮೇಷ್ಟರುಗಳಿಗೆ ವೈಚಾರಿಕತೆ ಬೋಧಿಸುತ್ತಿದ್ದ ಅಪ್ಪ, ಯಾರಿಗೂ ಕೇಳಿಸಬಾರದೆಂಬಂತೆ ಬಗ್ಗಿ ಕೇಳಿದರು: "ಡಾಕ್ಟ್ರು ಇವತ್ತು ಕಾಫಿ ಕುಡಿದ್ರೇನೇ ವಿಮಲೂ?"

"ಇಲ್ಲಪ್ಪ."

"ಕೊಡಿ ಅಂತಾದ್ರೂ ಕೇಳಿದ್ರಾ?"

"ಇಲ್ಲ."

ಡಿಕಾಕ್ಷನ್ನು ಚೆಲ್ಲಿದ್ದಕ್ಕೆ ಬೈಗುಳ ಬೀಳುತ್ತದೆಂಬ ಹೆದರಿಕೆ ಇತ್ತು, ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ, ಕೇಳಿದರು ಎಂದು ಬಾಯಲ್ಲಿ ಆಡಿದರೆ ಅದು ಆಗಿಯೇಬಿಡುತ್ತದೆ ಎನ್ನಿಸಿತು. ಅಪ್ಪನ ಮುಖ ಸಡಿಲವಾಯಿತು. ಹೋಲ್ಡಾಲಿನ ಬೆಲ್ಟು ಬಿಗಿದರು. ಸಂಜೆ ಅಜ್ಜಿ ಬಂದು ಖಾಲಿ ಫಿಲ್ಟರು ನೋಡಿದಾಗ ಕೈಜಾರಿ ಚೆಲ್ಲಿತು ಎಂದೆ, ಬೈಸಿಕೊಂಡೆ. ಮರುದಿನ ಬೆಳಿಗ್ಗೆ ಅಪ್ಪ ಹೊರಟು ನಿಂತಾಗ ಅಮ್ಮ ದಿಂಬಿನಿಂದ ಸ್ವಲ್ಪ ಮುಂದೆ ಬಗ್ಗಿ, ಅವರನ್ನು ತುಂಬಾ ಹೊತ್ತು ನೋಡಿದಳು. "ಬಿಸಿಲು ಜಾಸ್ತಿ. ಛತ್ರಿ ತಗೊಂಡ್ರಾ?" ಎಂದಳು. ಅಪ್ಪ ಛತ್ರಿ ಎತ್ತಿ ತೋರಿಸಿ ಹೋದರು. ಮೂರನೆಯ ದಿನ ಮಧ್ಯಾಹ್ನ ಅಮ್ಮ ಹೋದಳು. ಡಾಕ್ಟರು ನೆಲದ ಮೇಲೆ ಕೂತು ಅವಳ ಕೈ ಹಿಡಿದುಕೊಂಡಿದ್ದರು, ನಾನು ಇನ್ನೊಂದು ಕೈ ಹಿಡಿದಿದ್ದೆ. ಕಾಡಂಚಿನ ಹಳ್ಳಿಗಳಲ್ಲಿ ಅಪ್ಪನನ್ನು ಹುಡುಕಿ ಸುದ್ದಿ ಮುಟ್ಟಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸೋದರಮಾವ ಸಂಸ್ಕಾರ ಮಾಡಿದರು. ಅಪ್ಪ ಬಂದದ್ದು ಅಸ್ಥಿ ಆರಿಸುವ ದಿನ, ಮೈತುಂಬ ಧೂಳು, ಬಗಲಲ್ಲಿ ಅದೇ ಛತ್ರಿ.

ಹದಿಮೂರನೆಯ ದಿನ ಕಳೆದ ಮೇಲೆ ಡಾಕ್ಟರು ಮಾತನಾಡಿಸಲು ಬಂದರು. ಅಪ್ಪ ಕುಳ್ಳಿರಿ ಎನ್ನಲಿಲ್ಲ. "ಎಲ್ಲರ ಮನೇಲೂ ಕೂತು ಕಾಫಿ ಕುಡಿದು ತಿಳಿಸ್ತೀರಂತಲ್ಲ. ನನಗೊಬ್ಬನಿಗೆ ಯಾಕ್ರೀ ತಿಳಿಸ್ಲಿಲ್ಲ? ಅವಳ ಮುಖ ನೋಡೋ ಭಾಗ್ಯವೂ ಇಲ್ಲದ ಹಾಗೆ ಮಾಡಿದ್ರಲ್ಲ," ಎಂದರು. ಅಪ್ಪನ ದನಿ ಅಷ್ಟು ಏರಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಡಾಕ್ಟರು ಒಂದೇ ಒಂದು ಸಲ ನನ್ನ ಕಡೆ ಕಣ್ಣು ಹಾಯಿಸಿದರು. ಮಗಳು ಚೆಲ್ಲಿದಳು ಎಂದು ಅವರು ಹೇಳಿಬಿಡುತ್ತಾರೆಂದು ನಾನು ಬಾಗಿಲ ಮರೆಗೆ ಸರಿದೆ. ಅವರು ಕೈಮುಗಿದರು. "ತಪ್ಪಾಯ್ತು ರಾಯರೇ. ನಾನು ಹೇಳ್ಬೇಕಾಗಿತ್ತು," ಎಂದು ಹೇಳಿ, ಗೋಡೆಗೆ ಒರಗಿಸಿದ್ದ ಸೈಕಲ್ಲು ತೆಗೆದುಕೊಂಡು ಹೊರಟುಹೋದರು. ಅಂದಿನಿಂದ ಅವರು ನಮ್ಮ ಮನೆಯ ಡಾಕ್ಟರಾಗಿ ಉಳಿಯಲಿಲ್ಲ. ಅಪ್ಪ ಬಂದವರಿಗೆಲ್ಲ, ಆ ಡಾಕ್ಟರು ಬಾಯಿಬಿಟ್ಟು ಹೇಳಲಿಲ್ಲ ಎಂದು ಹೇಳಿಕೊಂಡರು. ನನ್ನ ಪಾಲಿಗೆ ಅದು ಬಿಸಿತುಪ್ಪವಾಯಿತು, ನುಂಗಲೂ ಆಗದು ಉಗುಳಲೂ ಆಗದು. ಇಂದು ಹೇಳುತ್ತೇನೆ, ಯುಗಾದಿ ಕಳೆಯಲಿ, ಪರೀಕ್ಷೆ ಮುಗಿಯಲಿ ಎಂದುಕೊಳ್ಳುತ್ತಲೇ ವರ್ಷಗಳು ಹೋದವು.

ಆ ಮಳೆಗಾಲದಲ್ಲೇ ಇರಬೇಕು, ನಿಂಗಮ್ಮ ಬಂದು ಹೊಸ ಸುದ್ದಿ ಹೇಳಿದಳು. "ಡಾಕ್ಟ್ರು ಈಗ ಎಲ್ರ ಮನೇಲೂ ಕಾಪಿ ಕುಡೀತಾರೆ ಕಣ್ರವ್ವ. ನೆಗಡಿ ಬಂದಿರೋ ಮನೇಲೂ ಕೇಳಿ ಈಸ್ಕಂಡು ಕುಡೀತಾರೆ. ಈಗ ಎಂಗೆ ತಿಳ್ಕಳಾದು ಏಳಿ?" ಅದು ನಿಜವೇ ಆಗಿತ್ತು. ಹೆರಿಗೆಯಾದ ಮನೆ, ಕಿವಿನೋವಿನ ಮನೆ, ಬೋಗಾದಿಯ ಬೆಲ್ಲದ ಕಾಫಿ, ಯಾವುದನ್ನೂ ಬಿಡುತ್ತಿರಲಿಲ್ಲವಂತೆ. ಮೊದಮೊದಲು ಜನ ಹೆದರಿ ಬಿಳಿಚಿಕೊಂಡರು. ಎರಡು ವರ್ಷದಲ್ಲಿ ಲಕ್ಷ್ಮೀಪುರಂ ಆ ಶಕುನವನ್ನು ಮರೆತೇಬಿಟ್ಟಿತು. ಮರೆಯದೆ ಉಳಿದವರು ನಮ್ಮ ಮನೆಯ ಇಬ್ಬರೇ, ಅಪ್ಪ ಮತ್ತು ನಾನು.

ಹನ್ನೆರಡು ವರ್ಷಗಳ ಮೇಲೆ, ನಾನು ಹೆಣ್ಣುಮಕ್ಕಳ ಸ್ಕೂಲೊಂದರಲ್ಲಿ ಟೀಚರಾಗಿದ್ದೆ. ಅಜ್ಜಿಯೂ ಇರಲಿಲ್ಲ. ಡಾಕ್ಟರ ಹೆಂಡತಿ ಶಾರದಮ್ಮನವರು ಸ್ಕೂಲಿಗೇ ಹೇಳಿಕಳಿಸಿದರು, ಅವರು ನಿನ್ನನ್ನು ನೋಡಬೇಕು ಅನ್ನುತ್ತಿದ್ದಾರೆ ಎಂದು. ಹೋದೆ. ಔಷಧದ ಸೀಸೆಗಳೆಲ್ಲ ಖಾಲಿಯಾಗಿದ್ದ ಮುಂಗೋಣೆಯಲ್ಲಿ ಅವರನ್ನು ಮಲಗಿಸಿದ್ದರು. ಶಾರದಮ್ಮ ನನ್ನನ್ನು ಮೊದಲು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದರು. "ಹೊಟ್ಟೇಲಿ ಹುಣ್ಣಿತ್ತು ಕಣಮ್ಮ ಮೊದಲಿಂದಲೂ. ಕಾಫಿ ವಿಷ ಅವರಿಗೆ. ಔಷಧಿ ನಾಟದೇ ಇರೋ ಮನೇಲಿ ಮಾತ್ರ ಒಂದು ಲೋಟ ಕುಡೀತಿದ್ರು. ಅಂಥ ಮನೆಯಿಂದ ಸುಮ್ಮನೆ ಎದ್ದು ಬರಕ್ಕೆ ಮನಸ್ಸಾಗಲ್ಲ, ಕಾಫಿ ನೆಪದಲ್ಲಿ ಅರ್ಧ ಗಂಟೆ ಜೊತೇಲಿ ಕೂತಿರಬಹುದು ಅಂತಿದ್ರು. ಆಮೇಲೆ ಅದೇನಾಯ್ತೋ, ಕಂಡಕಂಡ ಮನೇಲೆಲ್ಲಾ ಕುಡಿಯಕ್ಕೆ ಶುರು ಮಾಡಿಬಿಟ್ರು. ಬೇಡ ಅಂತ ಗೋಗರೆದೆ. ಯಾಕೆ ಅಂತ ಮಾತ್ರ ಇವತ್ತಿಗೂ ಹೇಳ್ಲಿಲ್ಲ." ಯಾಕೆ ಎಂದು ನನಗೆ ಗೊತ್ತಿತ್ತು. ಇನ್ನೊಂದು ಮಗು ಹಾಗೆ ನೆಲದ ಮೇಲೆ ಕುಸಿದು ಅಳಬಾರದೆಂದು.

ಮಂಚದ ಪಕ್ಕ ಕುರ್ಚಿಯಿತ್ತು. ನಾನು ನೆಲದ ಮೇಲೆ ಕುಳಿತೆ. ಅವರಿಗೆ ಅದು ಗೊತ್ತಾಗಿ ಸ್ವಲ್ಪ ನಕ್ಕರು. ಒಣಗಿಹೋಗಿದ್ದರು, ದನಿ ಅದೇ. "ನಿಮ್ಮ ತಂದೆಗೆ ಹೇಳಿದ್ಯಾ?" ಎಂದು ಕೇಳಿದರು. ಇಲ್ಲ ಎಂದು ತಲೆಯಾಡಿಸಿದೆ. ಇವತ್ತು ಹೇಳಿಬಿಡುತ್ತೇನೆ ಎಂದೆ. "ಬೇಡ. ನನ್ನ ಮೇಲಿರೋ ಕೋಪ ನನ್ನ ಜೊತೆ ಹೋಗುತ್ತೆ. ನಿನ್ನ ಮೇಲೆ ಬಂದ್ರೆ ಅದು ಮನೇಲೇ ಉಳ್ಕೊಳುತ್ತೆ. ನೀನು ಮಗು ಆಗಿದ್ದೆ ಕಣಮ್ಮ. ನಾನು ದೊಡ್ಡೋನು, ನಾನೇ ಸರಿಯಾಗಿ ಹೇಳ್ಬೇಕಾಗಿತ್ತು." ಅಷ್ಟರಲ್ಲಿ ಶಾರದಮ್ಮ ನನಗೆ ಕಾಫಿ ತಂದಿಟ್ಟರು. ಡಾಕ್ಟರು ಕೈ ಚಾಚಿ ಆ ಬಿಸಿ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡರು, ಎದೆಗಿಡುವ ಬಿಲ್ಲೆಯನ್ನು ಹಿಡಿಯುತ್ತಿದ್ದ ಹಾಗೆ. ಮೂಗಿನ ಹತ್ತಿರ ತಂದು ವಾಸನೆ ನೋಡಿ ನನಗೆ ಕೊಟ್ಟರು. "ಈಗ ಕುಡಿ. ನಿಧಾನವಾಗಿ ಕುಡಿ," ಎಂದರು. ನಾನು ಅರ್ಧ ಗಂಟೆ ಕೂತು ಕುಡಿದೆ.

ಮನೆಗೆ ಬಂದಾಗ ಅಪ್ಪ ವರಾಂಡದ ಬೆಂಚಿನ ಮೇಲೆ ಕೂತಿದ್ದರು. ಸುದ್ದಿ ಅವರಿಗೂ ಬಂದಿತ್ತು. ಬೀದಿಯ ಕಡೆ ನೋಡುತ್ತಲೇ, "ಹೋಗಿದ್ದೆಯಂತೆ. ಕಾಫಿ ಕೊಟ್ರಾ?" ಎಂದರು.

"ಕೊಟ್ರು."

"ಕುಡಿದ್ಯಾ?"

"ಕುಡಿದೆ ಅಪ್ಪ. ಕೂತು ಕುಡಿದೆ."

ಅಪ್ಪ ಎದ್ದರು. ಒಳಗೆ ಹೋಗಿ ಕೋಟು ಹಾಕಿಕೊಂಡು, ಛತ್ರಿ ತೆಗೆದುಕೊಂಡು, ಹನ್ನೆರಡು ವರ್ಷ ಹಾಯದಿದ್ದ ಆ ಬೀದಿಯ ಕಡೆಗೆ ನಡೆದುಹೋದರು. ದೀಪ ಹಚ್ಚುವ ಹೊತ್ತಿಗೆ ತಿರುಗಿ ಬಂದರು. ಬಚ್ಚಲ ಹತ್ತಿರ ಕಾಲು ತೊಳೆದುಕೊಳ್ಳುತ್ತಾ, ನನಗೆ ಬೆನ್ನು ಮಾಡಿಕೊಂಡೇ, "ನನ್ನ ಕೈ ಹಿಡ್ಕೊಂಡು ಮತ್ತೆ ಅದೇ ಮಾತು ಅಂದ್ರು ಕಣೇ. ತಪ್ಪಾಯ್ತು ರಾಯರೇ ಅಂತ," ಎಂದರು. "ಪಾಪ, ದೊಡ್ಡ ಮನುಷ್ಯರು. ನಾನೂ ಕ್ಷಮಿಸಿದೀನಿ ಅಂದುಬಿಟ್ಟೆ." ನಾನು ಟವಲು ಹಿಡಿದುಕೊಂಡು ಅವರ ಹಿಂದೆ ನಿಂತಿದ್ದೆ. ಅದೇ ಬಚ್ಚಲು, ಅದೇ ಕಲ್ಲು. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಟವಲು ಕೊಟ್ಟೆ.

ಮೂರನೆಯ ದಿನ ಡಾಕ್ಟರು ಹೋದರು. ಅಪ್ಪ ಹೆಗಲು ಕೊಟ್ಟರು. ಆಮೇಲೆ ಅಪ್ಪನೂ ಹೋದರು, ಮನೆಯೂ ಹೋಯಿತು. ಬೆಂಚನ್ನು ಯಾರೋ ಕೊಂಡೊಯ್ದರು, ಕೈಮಿಲ್ಲು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಇವತ್ತು ನಿಮ್ಮ ಮುಂದೆ ಎಲ್ಲವನ್ನೂ ಹೇಳಿದ್ದೇನೆ. ಕೇಳಬೇಕಾಗಿದ್ದವರು ಯಾರೂ ಈಗ ಇಲ್ಲ.